ಅಂಗಿಯೊಳಗಿನ ಹಣದ ಚೀಲ: ಜೇಬುಗಳ್ಳರಿಗೆ ತಡೆ, ಮಾತುಗಾರರಿಗಲ್ಲ

ವಿದೇಶ ಪ್ರವಾಸಕ್ಕೆಂದು ಕೊಂಡ, ಅಂಗಿಯೊಳಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಈ ತೆಳುವಾದ ಚೀಲದಲ್ಲಿ ಪಾಸ್‌ಪೋರ್ಟ್, ಒಂದು ಹೆಚ್ಚುವರಿ ಕಾರ್ಡ್ ಮತ್ತು ಮಡಚಿದ ಕೆಲವು ನೋಟುಗಳು ಹೊರಗೆ ಉಬ್ಬು ಕಾಣದಂತೆ ಹಿಡಿಸುತ್ತವೆ. ಬೆವರಿಗೆ ಬಟ್ಟೆ ಬೇಗ ಒದ್ದೆಯಾಗುವುದೊಂದು ಕೊರತೆ. ಕಾರ್ಡಿನ ಮಾಹಿತಿಯನ್ನು ದೂರದಿಂದಲೇ ಕದಿಯದಂತೆ ತಡೆಯುವ ಪದರಕ್ಕೆಂದು ತೆತ್ತ ಹೆಚ್ಚಿನ ಬೆಲೆ, ನನ್ನ ಮಟ್ಟಿಗೆ, ದಂಡ.

ಪ್ಯಾರಿಸ್‌ನ ಸಾಕ್ರೆ ಕೇರ್ ಚರ್ಚಿನ ಮೆಟ್ಟಿಲುಗಳ ಬಳಿ ಕೈಗೆ ದಾರ ಕಟ್ಟಿ ಹಣ ಕೇಳುವವರಿಂದಾಗಲಿ, ಬ್ಯಾಂಕಾಕ್‌ನಲ್ಲಿ ಅರಮನೆ ಇಂದು ಮುಚ್ಚಿದೆಯೆಂದು ನಂಬಿಸಿ ರತ್ನದ ಅಂಗಡಿಗೆ ಕರೆದೊಯ್ಯುವವರಿಂದಾಗಲಿ ಯಾವ ಚೀಲವೂ ಕಾಪಾಡದು. ಅಲ್ಲಿ ಉತ್ತರಿಸದೆ ಮುಂದೆ ನಡೆಯುವುದೇ ಉಪಾಯ. ದಿನದ ಖರ್ಚಿನ ಹಣವನ್ನು ಬೇರೆ ಜೇಬಿನಲ್ಲಿಡಬೇಕು, ಏಕೆಂದರೆ ಮಾರುಕಟ್ಟೆಯ ನಡುವೆ ಅಂಗಿ ಎತ್ತಿ ಚೀಲ ತೆರೆದರೆ ಅದನ್ನು ಬಚ್ಚಿಟ್ಟ ಜಾಗವನ್ನು ನಾವೇ ತೋರಿಸಿಕೊಟ್ಟಂತಾಗುತ್ತದೆ.