ಜನ ಓಡಾಡುವ ಮೈದಾನಕ್ಕೆ ಡಿಸ್ಕ್ ಗಾಲ್ಫ್ ಸೆಟ್: ಬಳಕೆಯ ನಂತರದ ವಿಮರ್ಶೆ

ತಟ್ಟೆಯಂತಹ ಡಿಸ್ಕನ್ನು ಎಸೆದು ಬುಟ್ಟಿಗೆ ಬೀಳಿಸುವ ಆಟವೇ ಡಿಸ್ಕ್ ಗಾಲ್ಫ್. ಆನ್‌ಲೈನ್‌ನಲ್ಲಿ ತರಿಸಿಕೊಂಡ ಈ ಸೆಟ್‌ನಲ್ಲಿ ದೂರಕ್ಕೆ ಎಸೆಯುವ ಡ್ರೈವರ್, ಮಧ್ಯಮ ದೂರದ ಮಿಡ್‌ರೇಂಜ್, ಹತ್ತಿರದಿಂದ ಬುಟ್ಟಿಗೆ ಎಸೆಯುವ ಪಟರ್ ಎಂಬ ಮೂರು ಡಿಸ್ಕ್‌ಗಳೂ ಮಡಚಿ ಒಯ್ಯಬಹುದಾದ ಒಂದು ಸರಪಳಿ ಬುಟ್ಟಿಯೂ ಇವೆ. ವಾಕಿಂಗ್‌ಗೆ ಬರುವ ಹಿರಿಯರು, ಕ್ರಿಕೆಟ್ ಆಡುವ ಹುಡುಗರು, ಪಕ್ಕದ ರಾಜಾಸೀಟ್ ನೋಡಲು ಬಂದು ಅಡ್ಡಾಡುವ ಪ್ರವಾಸಿಗರು ಎಲ್ಲರೂ ಸೇರುವ ಮಡಿಕೇರಿಯ ಗಾಂಧಿ ಮೈದಾನದಲ್ಲಿ ಇದನ್ನು ಬಳಸಿದ ಮೇಲೆ ನನಗನಿಸಿದ್ದಿಷ್ಟು: ಪಟರ್ ಮತ್ತು ಬುಟ್ಟಿಗಾಗಿ ಈ ಸೆಟ್ ಕೊಳ್ಳಬಹುದು, ಆದರೆ ಡ್ರೈವರನ್ನು ಇಂತಹ ಜಾಗಕ್ಕೆ ತರಲೇಬಾರದು.

ಡ್ರೈವರ್‌ನ ಗುಣಮಟ್ಟದ ಬಗ್ಗೆ ದೂರಿಲ್ಲ. ಸುಮಾರು 21 ಸೆಂಟಿಮೀಟರ್ ಅಗಲದ ಆ ಗಟ್ಟಿ ಪ್ಲಾಸ್ಟಿಕ್‌ನ ಅಂಚನ್ನು ಗಾಳಿ ಸೀಳಿಕೊಂಡು ದೂರ ಸಾಗಲೆಂದೇ ತೆಳುವಾಗಿ ರೂಪಿಸಿದ್ದಾರೆ. ಅದೇ ಕಾರಣಕ್ಕೆ ಅದು ಯಾರಿಗಾದರೂ ತಗುಲಿದರೆ ಪೆಟ್ಟು ಜೋರಾಗಿಯೇ ಬೀಳುತ್ತದೆ. ಬಲಗೈಯವರು ಎಡದಿಂದ ಬಲಕ್ಕೆ ಕೈ ಬೀಸಿ ಎಸೆದ ಡಿಸ್ಕ್ ವೇಗ ಇಳಿಯುತ್ತಿದ್ದಂತೆ ಸಾಮಾನ್ಯವಾಗಿ ಎಡಕ್ಕೆ ವಾಲುತ್ತದೆ, ಆದ್ದರಿಂದ ಎದುರಿನ ದಾರಿ ಖಾಲಿಯಿದೆಯೆಂದು ನೋಡಿಕೊಂಡರೆ ಸಾಲದು, ಎಡಬದಿಯಲ್ಲಿ ಯಾರು ನಡೆದು ಬರುತ್ತಿದ್ದಾರೆಂಬುದನ್ನೂ ಗಮನಿಸಬೇಕು. ಯಾರಿಗೂ ಪೆಟ್ಟಾಗದೆಂಬ ಖಾತ್ರಿಯಿಲ್ಲದೆ ಎಸೆಯಬಾರದೆಂಬುದು ಈ ಆಟದ ಲಿಖಿತ ನಿಯಮವೇ ಆಗಿದೆ. ಸೆಟ್‌ನ ಜೊತೆ ಬಂದ ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲದಿರುವುದು ನನ್ನ ದೃಷ್ಟಿಯಲ್ಲಿ ದೊಡ್ಡ ಕೊರತೆ.

ಪಟರ್ ಮಾತ್ರ ನಿಜಕ್ಕೂ ಚೆನ್ನಾಗಿದೆ. ಅಂಚು ದಪ್ಪ ಹಾಗೂ ದುಂಡಗಿದ್ದು, ಮೆದುವಾಗಿ ಎಸೆದರೂ ನೇರವಾಗಿ ಹೋಗಿ ಹತ್ತಿರದಲ್ಲೇ ಇಳಿಯುತ್ತದೆ. ಪಂದ್ಯಗಳಲ್ಲಿ ಬುಟ್ಟಿಯ ಸುತ್ತಲಿನ 10 ಮೀಟರ್ ವೃತ್ತದೊಳಗೆ, ಎಸೆದ ಬಳಿಕ ಮುಂದಕ್ಕೆ ಮುಗ್ಗರಿಸದೆ ನಿಂತು ತೋರಿಸಬೇಕಾಗುತ್ತದೆ. ಮೈದಾನದ ಒಂದು ಮೂಲೆಯಲ್ಲಿ ಅಷ್ಟೇ ಜಾಗ ಗುರುತಿಸಿಕೊಂಡರೆ ಯಾರಿಗೂ ತೊಂದರೆಯಾಗದಂತೆ ಬೆಳಗಿನ ಹೊತ್ತು ಸೊಗಸಾಗಿ ಆಡಬಹುದು. ಆದರೆ ಕಂಪನಿಯವರು ಪಟರನ್ನು ಬಿಳಿ ಬಣ್ಣದಲ್ಲಿ ಕೊಟ್ಟಿದ್ದಾರೆ. ಮಡಿಕೇರಿಯ ಮಂಜಿನಲ್ಲಿ ಅದು ಕೈಬಿಟ್ಟ ಮರುಕ್ಷಣವೇ ಕಾಣೆಯಾಗುತ್ತದೆ, ಕಿತ್ತಳೆ ಬಣ್ಣದ ಮಿಡ್‌ರೇಂಜ್ ಎಷ್ಟೋ ದೂರದವರೆಗೆ ಕಾಣುತ್ತದೆ. ಕೊಳ್ಳುವವರು ಬಣ್ಣವನ್ನು ಮೊದಲೇ ಕೇಳಿಕೊಳ್ಳುವುದು ಒಳಿತು.

ಸರಪಳಿ ಬುಟ್ಟಿಗೆ ಅಮೆರಿಕದ ಎಡ್ ಹೆಡ್ರಿಕ್ ಅವರು 1977ರಲ್ಲಿ ಪೇಟೆಂಟ್ ಪಡೆದರು. ಹಾರಿಬಂದ ಡಿಸ್ಕ್‌ನ ರಭಸವನ್ನು ತೂಗಾಡುವ ಸರಪಳಿಗಳು ಹೀರಿಕೊಂಡು ಅದನ್ನು ಕೆಳಗಿನ ಬುಟ್ಟಿಗೆ ಬೀಳಿಸಬೇಕು. ಈ ಬುಟ್ಟಿಯಲ್ಲಿ ಸರಪಳಿಗಳು ವಿರಳವಾಗಿರುವುದರಿಂದ ಜೋರಾಗಿ ಎಸೆದ ಡಿಸ್ಕ್ ನಡುವೆ ತೂರಿ ಹಿಂದಕ್ಕೆ ಬೀಳುತ್ತದೆ, ಮೆಲ್ಲಗೆ ಬಂದದ್ದು ಮಾತ್ರ ಝಣ್ಣೆಂದು ನಿಲ್ಲುತ್ತದೆ. ಆ ಸದ್ದಿಗೆ ಮಕ್ಕಳು ಓಡಿಬಂದು, "ಅಂಕಲ್, ನಮಗೂ ಒಂದ್ಸಲ ಕೊಡಿ" ಎಂದು ಸುತ್ತುವರಿಯುತ್ತಾರೆ. ಅವರಿಗೆ ಪಟರ್ ಕೊಡಲು ನನಗೆ ಯಾವ ಅಳುಕೂ ಇಲ್ಲ.

ಬುಟ್ಟಿಯ ಕಾಲುಗಳು ತೀರ ಹಗುರ, ಗಾಳಿಗೆ ಮಗುಚದಂತೆ ಕಲ್ಲು ಹೇರಬೇಕಾಗುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಕೊಂಡಿಗಳು ಬಹಳ ಬೇಗ ತುಕ್ಕು ಹಿಡಿಯುವುದರಿಂದ, ಒರೆಸಿ ಎಣ್ಣೆ ಸವರಿಯೇ ಒಳಗಿಡಬೇಕು.