ಮೊದಲ ಪೂಲ್ ಕ್ಯೂ: ಮೇಪಲ್, ಕಾರ್ಬನ್, ಇಲ್ಲಾ ಕೈಯಲ್ಲಿರುವ ಸ್ನೂಕರ್ ಕ್ಯೂ?

ಮೊದಲ ಸಲ ಸ್ವಂತ ಪೂಲ್ ಕ್ಯೂ (ಬಾಲ್ ಹೊಡೆಯುವ ಕೋಲು) ತಗೊಳ್ಳುವವರಿಗೆ ನಾನು ಹೇಳುವುದು ಒಂದೇ: ಸಾದಾ ಮೇಪಲ್ ಮರದ ಕ್ಯೂ ತಗೊಳ್ಳಿ. ನಡುವಿನಲ್ಲಿ ಬಿಚ್ಚಿ ಜೋಡಿಸುವ ಜಾಯಿಂಟ್ ಇರಲಿ, ಅಲಂಕಾರ ಬೇಡ. ನನ್ನದು ಅಂಥದ್ದೇ. ಕೇಸ್ ಸೇರಿ 15,000 ರೂಪಾಯಿ ಒಳಗೆ ಬಂತು. ಮಂಗಳೂರಿನ ಮಳೆಗಾಲ ದಾಟಿಯೂ ನೆಟ್ಟಗಿದೆ. ಕಾರ್ಬನ್ ಕ್ಯೂ ಕೊಡುತ್ತೇನೆ, ಬದಲಿಗೆ ಇದನ್ನು ಕೊಡಿ ಅಂತ ಯಾರಾದರೂ ಕೇಳಿದರೂ ನಾನು ಕೊಡುವವನಲ್ಲ.

ಹೋಲಿಸಿ ನೋಡಿದ್ದು ಮೂರನ್ನು. ಒಂದು, ನನ್ನ ಹತ್ತಿರ ಮೊದಲೇ ಇದ್ದ ಆಶ್ ಮರದ ಸ್ನೂಕರ್ ಕ್ಯೂ. ಇನ್ನೊಂದು, ಪೂಲ್ ಪಾರ್ಲರ್‌ನಲ್ಲಿ ಜೊತೆಗೆ ಆಡುವ ಗೆಳೆಯನ ಕಾರ್ಬನ್ ಫೈಬರ್ ಕ್ಯೂ. ಅವನು ಕೆಲಸದ ಮೇಲೆ ಹೊರಗೆ ಹೋದಾಗೆಲ್ಲ ಅದು ನನ್ನ ಕೈಯಲ್ಲೇ ಇರುತ್ತಿತ್ತು, ಹಾಗಾಗಿ ಚೆನ್ನಾಗಿ ಆಡಿ ನೋಡಿದ್ದೇನೆ. ಮೂರನೆಯದು ನನ್ನ ಮೇಪಲ್. ಪಾರ್ಲರ್‌ನ ಗೋಡೆಗೆ ಒರಗಿಸಿಟ್ಟ ಕ್ಯೂಗಳನ್ನು ಲೆಕ್ಕಕ್ಕೆ ತಗೊಂಡಿಲ್ಲ. ನಿನ್ನೆ ಆಡಿದ ಕ್ಯೂ ಇವತ್ತು ಸಿಗುವುದಿಲ್ಲ, ಸಿಕ್ಕರೂ ಬಾಲ್‌ಗೆ ತಾಗುವ ತುದಿ, ಅಂದರೆ ಟಿಪ್, ಸವೆದು ಹೋಗಿರುತ್ತದೆ.

ಸ್ನೂಕರ್ ಕ್ಯೂನಲ್ಲೇ ಪೂಲ್ ಆಡುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಮೊದಲು ಕಲಿತದ್ದು ಸ್ನೂಕರ್, ಕೈಗೆ ಒಗ್ಗಿದ್ದೂ ಅದೇ. ಮೆಲ್ಲನೆಯ ಹೊಡೆತಕ್ಕೆ ಏನೂ ತೊಂದರೆ ಇಲ್ಲ. ಗುರಿ ನೋಡುವುದಕ್ಕಂತೂ ಆ ತೆಳ್ಳಗಿನ ತುದಿ ಬಹಳ ಹಿತ. ಆದರೆ ಸ್ನೂಕರ್ ಬಾಲ್ 52.5 ಮಿ.ಮೀ., ಪೂಲ್ ಬಾಲ್ 57 ಮಿ.ಮೀ. ತೂಕವೂ ಜಾಸ್ತಿ. 10 ಮಿ.ಮೀ. ಟಿಪ್‌ನಲ್ಲಿ ಅದನ್ನು ಜೋರಾಗಿ ಹೊಡೆದರೆ ಕ್ಯೂ ನಡುಗಿದ್ದು ಕೈಗೇ ಗೊತ್ತಾಗುತ್ತದೆ. ಬಿಳಿ ಬಾಲ್ ಹಿಂದಕ್ಕೆ ಬರುವ ಸ್ಕ್ರೂ ಬ್ಯಾಕ್ ಹೊಡೆತಕ್ಕೆ ಕೂದಲೆಳೆಯಷ್ಟು ಕೆಳಗೆ ತಾಗಿದರೂ ಟಿಪ್ ಜಾರುತ್ತದೆ. ಆಟ ಶುರು ಮಾಡುವ ಬ್ರೇಕ್ ಹೊಡೆಯುವುದಕ್ಕಂತೂ ಅದನ್ನು ಕೇಸ್‌ನಿಂದ ತೆಗೆಯಲೇಬೇಡಿ. ಒಳ್ಳೆಯ ಸ್ನೂಕರ್ ಕ್ಯೂ ಇದ್ದರೆ ಅದನ್ನು ಸ್ನೂಕರ್‌ಗೇ ಉಳಿಸಿಕೊಳ್ಳಿ.

ಕಾರ್ಬನ್ ಕ್ಯೂನ ಗುಣವನ್ನು ಹೇಳಲೇಬೇಕು. ಬಿಳಿ ಬಾಲ್‌ನ ಎಡಭಾಗಕ್ಕೆ ಹೊಡೆದು ಸೈಡ್ (ಪಕ್ಕದ ತಿರುಗು) ಕೊಟ್ಟರೆ ಅದು ನೆಟ್ಟಗೆ ಹೋಗುವುದಿಲ್ಲ, ಬಲಕ್ಕೆ ಸ್ವಲ್ಪ ಜರುಗುತ್ತದೆ. ಎಷ್ಟು ಜರುಗುತ್ತದೆ ಅನ್ನುವುದು ಶಾಫ್ಟ್‌ನ (ಕ್ಯೂನ ಮುಂದಿನ ಭಾಗ) ತುದಿಯ ಕೆಲವು ಇಂಚುಗಳ ತೂಕದ ಮೇಲಿದೆ. ತುದಿ ಹಗುರವಾಗಿದ್ದರೆ ಹೊಡೆತ ಬಿದ್ದ ಕ್ಷಣದಲ್ಲಿ ಶಾಫ್ಟೇ ಪಕ್ಕಕ್ಕೆ ಸರಿದುಕೊಳ್ಳುತ್ತದೆ, ಬಾಲ್ ಕಡಿಮೆ ಜರುಗುತ್ತದೆ. ಕಾರ್ಬನ್ ಶಾಫ್ಟ್ ಕೊಳವೆಯಂತೆ ಇರುವುದರಿಂದ ತುದಿ ಹಗುರ. ಪ್ರಿಡೇಟರ್ ಕಂಪನಿ 2016ರಲ್ಲಿ ರೆವೋ ಶಾಫ್ಟ್ ತಂದ ಮೇಲೆ ದೊಡ್ಡ ಆಟಗಾರರ ಕೈಯಲ್ಲೆಲ್ಲ ಈ ಕಪ್ಪು ಶಾಫ್ಟ್ ಕಾಣತೊಡಗಿತು. ಅದಕ್ಕೆ ಕಾರಣವೂ ಇದೇ. ಟೇಬಲ್‌ನ ಈ ತುದಿಯಿಂದ ಆ ತುದಿಗೆ, ಸೈಡ್ ಹಾಕಿ ಬಾಲನ್ನು ಪಾಟ್ ಮಾಡುವಾಗ (ಗುಂಡಿಗೆ ಹಾಕುವಾಗ) ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮಳೆ ಬಂದರೂ ಅದು ಬಾಗುವುದಿಲ್ಲ, ಅಂಟುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೊಸದೇ.

ನನ್ನ ಆಟದಲ್ಲಿ ಅಂಥ ಹೊಡೆತ ಕಡಿಮೆ. ನಾನು ಆಡುವುದು ಎಯ್ಟ್-ಬಾಲ್ ಅನ್ನುವ ಪೂಲ್ ಆಟ, ಆಫೀಸ್ ಮುಗಿಸಿ. ಬಿಳಿ ಬಾಲ್‌ನ ನಡುವಿಗೇ ಹೊಡೆದು, ಮೇಲೆ ಕೆಳಗೆ ಮಾಡಿಕೊಂಡು ಮುಂದಿನ ಬಾಲ್‌ಗೆ ಜಾಗ ಮಾಡಿಕೊಳ್ಳುತ್ತೇನೆ. ಮೇಪಲ್ ಎಷ್ಟು ಜರುಗಿಸುತ್ತದೆ ಅನ್ನುವುದು ಒಂದೇ ಕ್ಯೂನಲ್ಲಿ ಆಡುತ್ತಾ ಹೋದರೆ ಕಣ್ಣಿಗೆ ಬಂದುಬಿಡುತ್ತದೆ.

ಈಗ ಟಿಪ್ ವಿಷಯಕ್ಕೆ ಬರುತ್ತೇನೆ. ನನ್ನ ತೀರ್ಮಾನ ನಿಂತಿರುವುದೇ ಇದರ ಮೇಲೆ.

ಕ್ಯೂನಲ್ಲಿ ಬೇಗ ಸವೆಯುವುದು ಟಿಪ್. ಅದು ಚರ್ಮ. ಆಡುತ್ತಾ ಆಡುತ್ತಾ ಅಂಚು ಅಣಬೆಯ ಹಾಗೆ ಹೊರಗೆ ಹರಡುತ್ತದೆ, ಮೇಲ್ಭಾಗ ಗಟ್ಟಿಯಾಗಿ ಹೊಳೆಯುತ್ತದೆ, ಜಾರದಂತೆ ಹಚ್ಚುವ ಚಾಕ್ ನಿಲ್ಲುವುದಿಲ್ಲ. ಆಗ ಅಂಚು ಕತ್ತರಿಸಬೇಕು, ಉಜ್ಜಿ ದುಂಡಗೆ ಮಾಡಬೇಕು. ತೀರಾ ಸವೆದಾಗ ಹೊಸದು ಅಂಟಿಸಬೇಕು. ಎಷ್ಟೇ ದುಬಾರಿ ಕ್ಯೂ ಆದರೂ ಈ ಕೆಲಸ ತಪ್ಪುವುದಿಲ್ಲ.

ನಮ್ಮ ಕಡೆ ಈ ಕೆಲಸ ಬಲ್ಲವರು ಹೆಚ್ಚಿನವರು ಸ್ನೂಕರ್‌ನಿಂದ ಬಂದವರು. ಅದು ಸಹಜವೇ. ಕರ್ನಾಟಕದಲ್ಲಿ ಬಿಲಿಯರ್ಡ್ಸ್, ಸ್ನೂಕರ್‌ಗೆ ಗಟ್ಟಿ ನೆಲೆ ಇದೆ. ಹಲವು ಸಲ ವಿಶ್ವ ಚಾಂಪಿಯನ್ ಆದ ಪಂಕಜ್ ಅಡ್ವಾಣಿ ಬೆಂಗಳೂರಿನಲ್ಲೇ ಅರವಿಂದ್ ಸವೂರ್ ಅವರ ಹತ್ತಿರ ಕಲಿತವರು, ಅಲ್ವಾ? ಹಾಗಾಗಿ ಟಿಪ್ ಹಾಕುವವರ ಡಬ್ಬಿಯಲ್ಲಿ ಇರುವುದು 10, 11 ಮಿ.ಮೀ. ಟಿಪ್. ಅವರ ಕೈ ಪಳಗಿರುವುದು ಮರದ ಮೇಲೆ, ಟಿಪ್ ಕೂರುವ ಹಿತ್ತಾಳೆ ಫೆರುಲ್ (ಉಂಗುರ) ಮೇಲೆ.

ಗೆಳೆಯನ ಕಾರ್ಬನ್ ಕ್ಯೂನ ಟಿಪ್ ಒಂದು ಸಂಜೆ ಆಟದ ನಡುವೆಯೇ ಕಿತ್ತು ಬಂತು. ನಮ್ಮ ಪಾರ್ಲರ್‌ಗೆ ಬರುವ ಟಿಪ್ ಕೆಲಸದವರಿಗೆ ತೋರಿಸಿದೆವು. ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ವಾಪಸ್ ಕೊಟ್ಟರು. “ಇದು ಬೇಡ ಮಾರಾಯ್ರೆ, ಹಾಳಾದ್ರೆ ನಾನು ಎಲ್ಲಿಂದ ಕೊಡುದು?” ಅಂದರು. ಅವರ ಮಾತು ನ್ಯಾಯವಾದದ್ದೇ. ಮರದ ಪೂಲ್ ಶಾಫ್ಟ್‌ನಲ್ಲಿ ಟಿಪ್ ಕೆಳಗೆ ಬಿಳಿ ಫೆರುಲ್ ಇರುತ್ತದೆ. ಬ್ಲೇಡ್ ಸ್ವಲ್ಪ ತಾಗಿದರೂ ಅದನ್ನು ಉಜ್ಜಿ ಸರಿ ಮಾಡಬಹುದು. ಗೆಳೆಯನ ಕಾರ್ಬನ್‌ನಲ್ಲಿ ಫೆರುಲ್ ಹೆಸರಿಗಷ್ಟೇ. ಟಿಪ್ ಅಂಚು ಕತ್ತರಿಸುವಾಗ ಬ್ಲೇಡ್ ಜಾರಿದರೆ ಗೀರು ಬೀಳುವುದು ಶಾಫ್ಟ್ ಮೇಲೆಯೇ. ಅಲ್ಲಿ ಉಜ್ಜುವ ಹಾಗಿಲ್ಲ, ಆ ಪುಡಿ ಉಸಿರಿಗೆ ಹೋಗುವುದೂ ಒಳ್ಳೆಯದಲ್ಲ. ಹಳೆಯ ಗಮ್ ಬಿಡಿಸಲು ಬೆಂಕಿ ಹಿಡಿಯೋಣ ಅಂದರೆ ಕಾರ್ಬನ್ ಎಳೆಗಳನ್ನು ಹಿಡಿದಿರುವ ರಾಳ ಶಾಖ ತಡೆಯುವುದಿಲ್ಲ.

ಕೊನೆಗೆ ಶಾಫ್ಟನ್ನು ಪೈಪ್ ಒಳಗೆ ಹಾಕಿ ಬೆಂಗಳೂರಿಗೆ ಕೊರಿಯರ್ ಮಾಡಬೇಕಾಯಿತು. ಅಲ್ಲಿಂದ ಬರುವವರೆಗೆ ವಾರಗಟ್ಟಲೆ ಅವನು ಗೋಡೆಗೆ ಒರಗಿಸಿದ ಕ್ಯೂನಲ್ಲೇ ಆಡಿದ. ಟಿಪ್‌ನ ದುಡ್ಡಿಗಿಂತ ಕಳಿಸಿ ತರಿಸಿದ ಖರ್ಚೇ ಜಾಸ್ತಿ. ಅಷ್ಟು ಒಳ್ಳೆಯ ಕ್ಯೂ ಇಟ್ಟುಕೊಂಡು ಆಡಲಾಗದೆ ಕೂತವನನ್ನು ನೋಡಿ ನನಗೆ ನಿಜಕ್ಕೂ ಬೇಸರವಾಯಿತು.

ಅದೇ ಟಿಪ್ ಕೆಲಸದವರು ನನ್ನ ಮೇಪಲ್‌ಗೆ ಹೊಸ ಟಿಪ್ ಹಾಕಿದ್ದು ನಾನು ಚಾ ಕುಡಿದು ಬರುವಷ್ಟರಲ್ಲಿ. ಟಿಪ್ ಮಾತ್ರ ನಾವೇ ಒಯ್ಯಬೇಕು. 13 ಮಿ.ಮೀ. ಶಾಫ್ಟ್‌ಗೆ 14 ಮಿ.ಮೀ. ಟಿಪ್ ತರಿಸಿ. ಅಂಟಿಸಿದ ಮೇಲೆ ಅಂಚನ್ನು ಫೆರುಲ್‌ನ ಮಟ್ಟಕ್ಕೆ ಕತ್ತರಿಸುತ್ತಾರೆ. ಸಣ್ಣದು ತಂದರೆ ಏನೂ ಮಾಡಲಾಗದು. ಒಂದೇ ತುಂಡು ಚರ್ಮದ್ದಕ್ಕಿಂತ ಪದರ ಪದರವಾಗಿ ಅಂಟಿಸಿದ್ದು ಕಡಿಮೆ ಹರಡುತ್ತದೆ. ಜಪಾನಿನ ಕಮೂಯಿಯಂಥವು ಈ ಜಾತಿಯವು. ಗಟ್ಟಿತನದಲ್ಲಿ ನಾನು ಮೀಡಿಯಂ ಹಾಕಿಸುತ್ತೇನೆ. ಮೇಲ್ಭಾಗದ ಬಾಗು ಎಷ್ಟಿರಬೇಕು ಅಂತ ಅವರು ಕೇಳಿದರೆ ಒಂದು ರೂಪಾಯಿ ನಾಣ್ಯ ತೋರಿಸಿ. ಸ್ನೂಕರ್ ಟಿಪ್‌ನಷ್ಟು ದುಂಡಗೆ ಬೇಡ ಅನ್ನುವುದು ತಕ್ಷಣ ಅರ್ಥವಾಗುತ್ತದೆ.

ಮೇಪಲ್‌ಗೂ ತೊಂದರೆ ಇದೆ, ಅದು ತೇವ. ಜೂನ್ ಬಂತೆಂದರೆ ಶಾಫ್ಟ್ ಕೈಗೆ ಅಂಟುತ್ತದೆ. ಪೌಡರ್ ಹಾಕಿಕೊಂಡರೆ ಟೇಬಲ್ ಬಟ್ಟೆಯೆಲ್ಲ ಬಿಳಿ, ಪಾರ್ಲರ್‌ನವರು ಬೈದರೆ ತಪ್ಪಿಲ್ಲ. ಬೆರಳಿನ ಗ್ಲೌಸ್ ತಗೊಳ್ಳಿ, ಸಮಸ್ಯೆ ಅಲ್ಲಿಗೇ ಮುಗಿಯಿತು. ಆಟ ಮುಗಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಕೇಸ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಮರಳು ಕಾಗದ ಮುಟ್ಟಬೇಡಿ, ಉಜ್ಜಿದಷ್ಟೂ ಶಾಫ್ಟ್ ತೆಳ್ಳಗಾಗುತ್ತದೆ. ಕಾರಿನಲ್ಲಿ ಬಿಡಬೇಡಿ.

ತಗೊಳ್ಳುವಾಗ ಶಾಫ್ಟನ್ನು ಟೇಬಲ್ ಮೇಲೆ ಉರುಳಿಸಿ ನೋಡಿ. ತುದಿ ಏಳುತ್ತಾ ಬೀಳುತ್ತಾ ಇದ್ದರೆ ಬಾಗಿದೆ ಅಂತ ಅರ್ಥ.

ಇನ್ನೊಂದು ವಿಷಯ ಜಾಯಿಂಟ್‌ನ ಪಿನ್, ಅಂದರೆ ಎರಡು ಭಾಗ ಸೇರಿಸುವ ತಿರುಪು. ಇದರ ಬಗ್ಗೆ ಅಂಗಡಿಯವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಮ್ಯಾಕ್‌ಡರ್ಮಟ್ ಕಂಪನಿಯ ಕ್ಯೂಗಳಲ್ಲಿ 3/8×10 ಪಿನ್ (3/8 ಇಂಚು ದಪ್ಪ, ಇಂಚಿಗೆ 10 ಸುತ್ತು), ಪ್ರಿಡೇಟರ್‌ನಲ್ಲಿ ಹೆಚ್ಚಾಗಿ ಯೂನಿ-ಲಾಕ್, ಮೆಜ್‌ನಲ್ಲಿ ವೇವಿ. ಒಂದರ ಶಾಫ್ಟ್ ಇನ್ನೊಂದಕ್ಕೆ ಕೂರುವುದಿಲ್ಲ. ನನ್ನದು 3/8×10. ಹೆಸರೇ ಇಲ್ಲದ ಪಿನ್ ಇರುವ ಕ್ಯೂ ತಗೊಂಡರೆ ಶಾಫ್ಟ್ ಹೋದ ದಿನ ಬಟ್ (ಹಿಂದಿನ ಭಾಗ) ಕೂಡ ಹೋದ ಹಾಗೆ.

ತೂಕ 19 ಔನ್ಸ್, ಅಂದರೆ ಸುಮಾರು 540 ಗ್ರಾಂ, ನನಗೆ ಸರಿ ಹೋಗಿದೆ. ಹಿಡಿಯುವ ಜಾಗದಲ್ಲಿ ದಾರದ ಸುತ್ತು ಬೇಡ, ನಮ್ಮ ಬೆವರಿಗೆ ಅದು ಮಾಸುತ್ತದೆ. ಬಟ್ ಮೇಲಿನ ಬಣ್ಣದ ಚಿತ್ರಕ್ಕೆ ಸುಮ್ನೆ ದುಡ್ಡು ಕೊಡಬೇಡಿ.

ನನ್ನ 15,000 ರೂಪಾಯಿಯಲ್ಲಿ ದೊಡ್ಡ ಪಾಲು ಹೋಗಿದ್ದು ಕ್ಯೂಗೆ. ಉಳಿದದ್ದು ಗಟ್ಟಿ ಕೇಸ್, ಗ್ಲೌಸ್ ಮತ್ತು ಮುಂದಕ್ಕೆ ಬೇಕಾಗುವ ಟಿಪ್‌ಗಳಿಗೆ. ಹೆಸರಾಂತ ಕಂಪನಿಯ ಕಾರ್ಬನ್ ಆದರೆ ಶಾಫ್ಟ್ ಒಂದಕ್ಕೇ ಇದರ ಎರಡು ಮೂರು ಪಟ್ಟು ಬೇಕು. ನೀವು ಬೆಂಗಳೂರಿನಲ್ಲಿದ್ದು, ದಿನವೂ ಆಡುವವರಾಗಿ, ಟೂರ್ನಮೆಂಟ್‌ಗೆ ಹೋಗುವವರಾದರೆ ಆ ಖರ್ಚಿಗೆ ಅರ್ಥ ಇದೆ. ಮಂಗಳೂರಿನಲ್ಲಿ ಕಾರ್ಬನ್‌ಗೆ ಧೈರ್ಯವಾಗಿ ಟಿಪ್ ಹಾಕುವವರು ಸಿಕ್ಕ ದಿನ ನಾನೂ ಒಂದು 3/8×10 ಕಾರ್ಬನ್ ಶಾಫ್ಟ್ ತರಿಸುತ್ತೇನೆ. ಬಟ್ ಮಾತ್ರ ಇದೇ ಇರುತ್ತದೆ.