‘ಆಫ್ರಿಕದ ಕಾಡು ಗ್ಲಾಡಿಯೋಲಸ್’ ಎಂದು ಗೆಡ್ಡೆ ಮಾರುತ್ತಿದ್ದಾರೆ, ದುಡ್ಡು ಕಳೆದುಕೊಳ್ಳಬೇಡಿ

ಕ್ಯಾಲಿಫೋರ್ನಿಯಾದಲ್ಲಿ, ಅದರಲ್ಲೂ ಸ್ಯಾನ್ ಹೋಸೆ ಸುತ್ತಮುತ್ತ ಕೈತೋಟ ಮಾಡಿಕೊಂಡಿರುವ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ‘ಬರಗಾಲಕ್ಕೂ ಜಗ್ಗದ ಆಫ್ರಿಕದ ಕಾಡು ಗ್ಲಾಡಿಯೋಲಸ್’ ಎಂದು ಆನ್‌ಲೈನಿನಲ್ಲಿ ಹೂಗಿಡದ ಗೆಡ್ಡೆ ಮಾರುವ ಒಂದು ಅಂಗಡಿಯವರು ನನಗೆ ಮೋಸ ಮಾಡಿದ್ದಾರೆ. ನನಗೊಬ್ಬಳಿಗೇ ಅಲ್ಲ. ನಾನು ಹೇಳಿದೆನೆಂದು ಕನ್ನಡ ಕೂಟದ ಗೆಳತಿಯರೂ ಅದೇ ಆರ್ಡರಿಗೆ ದುಡ್ಡು ಸೇರಿಸಿದ್ದರು. ಅವರ ಎದುರು ನಿಲ್ಲುವುದಕ್ಕೆ ಈಗಲೂ ನಾಚಿಕೆಯಾಗುತ್ತದೆ. ದುಡ್ಡು ಹೋಗಲಿ, ಅಂಗಡಿಯವರು ಕೊಟ್ಟ ಉತ್ತರಗಳನ್ನು ನೆನೆದರೆ ಮೈ ಉರಿಯುತ್ತದೆ.

ನಾನು ಕೇಳಿದ್ದು ಗ್ಲಾಡಿಯೋಲಸ್ ಟ್ರಿಸ್ಟಿಸ್ ಎಂಬ ಕಾಡು ಜಾತಿ. ಇಲ್ಲಿಯ ಹವೆಗೆ ಅದು ಹೇಳಿ ಮಾಡಿಸಿದ ಗಿಡ. ನಮ್ಮಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಅದೂ ವರ್ಷಕ್ಕೆ 15 ಅಂಗುಲದ ಆಸುಪಾಸು. ಮೇ ದಾಟಿತೆಂದರೆ ಅಕ್ಟೋಬರ್‌ವರೆಗೆ ಹನಿ ಬೀಳುವುದೇ ಅಪರೂಪ. ದಕ್ಷಿಣ ಆಫ್ರಿಕದ ಕೇಪ್ ಕಡೆಯೂ ಹಾಗೆಯೇ. ಅಲ್ಲಿಯ ಗ್ಲಾಡಿಯೋಲಸ್‌ಗಳು ಮೊದಲ ಮಳೆಗೆ ಚಿಗುರಿ, ವಸಂತದಲ್ಲಿ ಹೂ ಬಿಟ್ಟು, ಬೇಸಿಗೆ ಬರುವಷ್ಟರಲ್ಲಿ ಎಲೆ ಒಣಗಿಸಿಕೊಂಡು ನೆಲದೊಳಗೆ ಮಲಗಿಬಿಡುತ್ತವೆ. ಆಗ ನೀರು ಬೇಡ. ಬೇಡ ಎಂದರೆ ಬೇಡವೇ ಬೇಡ. ಬೇಸಿಗೆಯಲ್ಲಿ ನೆಲ ಒದ್ದೆಯಾಗಿದ್ದರೆ ಗೆಡ್ಡೆ ಕೊಳೆಯುತ್ತದೆ. ಟ್ರಿಸ್ಟಿಸ್‌ನ ಹೂವು ತಿಳಿ ಹಳದಿ. ಹಗಲಿನಲ್ಲಿ ಮೂಗಿಗೆ ಏನೂ ತಿಳಿಯದು, ಕತ್ತಲಾದ ಮೇಲೆ ಪತಂಗಗಳನ್ನು ಕರೆಯುವುದಕ್ಕೆ ಘಮ್ಮೆನ್ನುತ್ತದೆ. ಹಿತ್ತಿಲ ಬಾಗಿಲ ಬಳಿ ಅದನ್ನು ಬೆಳೆಸಬೇಕೆಂದು ನನಗೆ ಬಹಳ ಆಸೆಯಿತ್ತು.

ಅಂಗಡಿಯ ಪುಟದಲ್ಲಿ ಚಿತ್ರವೂ ಟ್ರಿಸ್ಟಿಸ್‌ನದೇ, ಹೆಸರೂ ಅದೇ. ಹತ್ತು ಗೆಡ್ಡೆಗೆ 45 ಡಾಲರ್. ಕೆಳಗೆ ‘ಆಫ್ರಿಕದ ಕಾಡಿನಿಂದ ನೇರವಾಗಿ’ ಎಂದು ಬರೆದಿತ್ತು. ಅದನ್ನು ಕಂಡು ನಾನು ದುಡ್ಡು ಕಟ್ಟುವ ಮೊದಲೇ ಕೇಳಿದೆ: ಕೇಪ್‌ನಲ್ಲಿ ಅನುಮತಿಯಿಲ್ಲದೆ ಕಾಡಿನ ಗೆಡ್ಡೆ ಅಗೆಯುವಂತಿಲ್ಲ, ಹೊರದೇಶದಿಂದ ತಂದ ಗೆಡ್ಡೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ನಿಮ್ಮ ಬಳಿ ಇದೆಯೇ? ‘ಪ್ರಿಯ ಗ್ರಾಹಕರೇ, ಚಿಂತೆ ಬೇಡ, ಇವು ನಮ್ಮ ನರ್ಸರಿಯಲ್ಲೇ ಬೀಜದಿಂದ ಬೆಳೆಸಿದವು’ ಎಂದರು. ಸರಿ, ನರ್ಸರಿಯದ್ದಾದರೆ ಒಳ್ಳೆಯದೇ ಆಯಿತು ಎಂದು ಆರ್ಡರ್ ಮಾಡಿದೆ.

ಪೆಟ್ಟಿಗೆ ಬಂತು. ಟ್ರಿಸ್ಟಿಸ್ ಗೆಡ್ಡೆ ಚಿಕ್ಕದು, ಬೆರಳ ತುದಿಯಷ್ಟು. ಇವು ಚಪ್ಪಟೆಯಾಗಿ ಈರುಳ್ಳಿಯಷ್ಟು ದಪ್ಪಗಿದ್ದವು. ಅಂದೇ ಫೋಟೊ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಕಳಿಸಿದೆ. ಬಂದ ಉತ್ತರ: ‘ನಾವು ಚೆನ್ನಾಗಿ ಗೊಬ್ಬರ ಹಾಕಿ ಬೆಳೆಸುತ್ತೇವೆ, ಅದಕ್ಕೇ ದಪ್ಪ.’ ಗೊಬ್ಬರ ಹಾಕಿದರೆ ಇಷ್ಟು ದಪ್ಪವಾಗುವುದುಂಟೇ ಎಂದು ಮತ್ತೆ ಬರೆದೆ. ‘ನೆಟ್ಟು ನೋಡಿ, ಹೂ ಬಂದ ಮೇಲೆ ನೀವೇ ನಮಗೆ ಧನ್ಯವಾದ ಹೇಳುತ್ತೀರಿ’ ಎಂದರು.

ಅಕ್ಟೋಬರ್‌ನಲ್ಲಿ ನೆಟ್ಟೆ. ಮೊಳಕೆ ಬಂತು, ಎಲೆ ಬಿಚ್ಚಿಕೊಂಡಿತು. ಟ್ರಿಸ್ಟಿಸ್ ಎಲೆಯನ್ನು ಒಮ್ಮೆ ಕೈಯಲ್ಲಿ ಹಿಡಿದವರು ಜನ್ಮದಲ್ಲಿ ಮರೆಯುವುದಿಲ್ಲ. ಕಡ್ಡಿಯಂತೆ ಸಪೂರ, ಬೆರಳುಗಳ ನಡುವೆ ಹೊರಳಿಸಿದರೆ ನಾಲ್ಕು ಏಣುಗಳು ತಾಗುತ್ತವೆ, ಅಡ್ಡಕ್ಕೆ ಕತ್ತರಿಸಿದರೆ ಕೂಡುವ ಚಿಹ್ನೆಯ ಆಕಾರ ಕಾಣುತ್ತದೆ. ನಾನು ಕುಂಡದ ಮುಂದೆ ಕುಳಿತು ಎಲೆಯನ್ನು ಹಿಡಿದೆ. ಹೊರಳಲೇ ಇಲ್ಲ. ಅಗಲವಾದ, ಗೆರೆಗೆರೆಯ, ಚಪ್ಪಟೆ ಎಲೆ. ಇನ್ನೊಂದು ಕುಂಡ ನೋಡಿದೆ, ಮತ್ತೊಂದು ನೋಡಿದೆ. ಎಲ್ಲವೂ ಒಂದೇ. ಬೆಂಗಳೂರಿನಲ್ಲಿ ಮದುವೆ ಮಂಟಪಕ್ಕೆ ಸಿಕ್ಕಿಸುವ ಅದೇ ದೊಡ್ಡ ಹೂವಿನ ಮಿಶ್ರತಳಿ! ಇಲ್ಲಿಯ ದೊಡ್ಡ ಅಂಗಡಿಗಳಲ್ಲಿ ವಸಂತ ಬಂದೊಡನೆ ಬಲೆಚೀಲದಲ್ಲಿ ತುಂಬಿಟ್ಟು, ನಾನು ಕೊಟ್ಟ ಬೆಲೆಯ ಕಾಲು ಭಾಗಕ್ಕೆ ಮಾರುತ್ತಾರೆ. ಆ ಹೊತ್ತಿಗೆ ಹೊಟ್ಟೆಯಲ್ಲಿ ಆದ ಸಂಕಟ ಹೇಳಲಾರೆ. ಗೆಳತಿಯರ ಮನೆಯಲ್ಲೂ ಅದೇ ಎಲೆ ಬಂದಿರುತ್ತದೆ ಎಂಬುದು ಆಗಲೇ ಹೊಳೆದದ್ದು.

ಫೋಟೊ ಕಳಿಸಿದೆ. ‘ಎಳೆಯ ಗಿಡದಲ್ಲಿ ಎಲೆ ಹಾಗೇ ಇರುತ್ತದೆ, ದಯವಿಟ್ಟು ಹೂವಿನವರೆಗೆ ಕಾಯಿರಿ.’ ಸುಳ್ಳು. ಶುದ್ಧ ಸುಳ್ಳು. ಕಾಯಿರಿ ಎನ್ನುವುದರ ಹಿಂದಿನ ಲೆಕ್ಕ ನೋಡಿ: ದುಡ್ಡು ವಾಪಸು ಕೇಳಲು 60 ದಿನದ ಗಡುವು, ಹೂ ಬರುವುದು ಅದೆಲ್ಲ ಮುಗಿದು ಎಷ್ಟೋ ತಿಂಗಳ ಮೇಲೆ. ನಾನು ಗಡುವಿನೊಳಗೇ ದುಡ್ಡು ವಾಪಸು ಕೊಡಿ ಎಂದು ಬರೆದೆ. ‘ಹೂವಿನ ಚಿತ್ರವಿಲ್ಲದೆ ದೂರು ಸ್ವೀಕರಿಸುವುದಿಲ್ಲ’ ಎಂದರು. ಹೂ ಬಂದ ಮೇಲೆ ಚಿತ್ರ ಕಳಿಸಿದರೆ, ಅಂಗೈಯಗಲದ ನೆರಿಗೆ ನೆರಿಗೆಯ ಕೆಂಪು ಹೂವು, ಪರಿಮಳದ ಸುಳಿವೂ ಇಲ್ಲ, ಅದಕ್ಕೆ ಉತ್ತರ: ‘ಗಡುವು ಮುಗಿದಿದೆ. ಮಣ್ಣಿನ ಗುಣಕ್ಕೆ ಬಣ್ಣ ಬದಲಾಗಿರಬಹುದು.’

ಮಣ್ಣಿನ ಗುಣಕ್ಕೆ! ತಿಳಿ ಹಳದಿ ಹೂವು ಮಣ್ಣಿನ ಗುಣಕ್ಕೆ ಕಡುಗೆಂಪಾಗುತ್ತದೆಯೇ? ನಾನು ಬಿಡಲಿಲ್ಲ, ಮತ್ತೆ ಬರೆದೆ. ಕೊನೆಗೆ ಅವರು ಹೇಳಿದ್ದು: ‘ಗ್ಲಾಡಿಯೋಲಸ್ ಕೇಳಿದಿರಿ, ಗ್ಲಾಡಿಯೋಲಸ್ ಕೊಟ್ಟಿದ್ದೇವೆ. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ ನೀರು ಹಾಕಿ, ಇನ್ನೂ ಚೆನ್ನಾಗಿ ಬರುತ್ತದೆ.’ ಬರಗಾಲಕ್ಕೂ ಜಗ್ಗದು ಎಂದು ಮಾರಿದವರೇ ಈಗ ವಾರಕ್ಕೆ ಎರಡು ಸಲ ನೀರು ಹಾಕಿ ಎನ್ನುತ್ತಾರೆ. ಅಂದರೆ ತಾವು ಏನು ಕಳಿಸಿದ್ದೇವೆ ಎಂಬುದು ಅವರಿಗೆ ಮೊದಲಿನಿಂದಲೂ ಚೆನ್ನಾಗಿ ಗೊತ್ತು.

‘ಕಾಡು ಜಾತಿ’ ಎಂಬ ಮಾತಿಗೂ ಮರುಳಾಗಬೇಡಿ. ಕಾಡಿನದೆಲ್ಲ ಒಣಹವೆಯದಲ್ಲ. ದಕ್ಷಿಣ ಆಫ್ರಿಕದ ಪೂರ್ವಕ್ಕಿರುವ ಡ್ರೇಕನ್ಸ್‌ಬರ್ಗ್ ಬೆಟ್ಟಗಳ ಪಾಪಿಲಿಯೊ, ಸಾಂಡರ್ಸಿಯೈ ಅಪ್ಪಟ ಕಾಡು ಜಾತಿಗಳೇ, ಆದರೆ ಅವು ಬೇಸಿಗೆ ಮಳೆಯಲ್ಲಿ ಬೆಳೆಯುವವು. ಇಲ್ಲಿ ಅವಕ್ಕೆ ನೀರು ಹೊತ್ತು ಹೊತ್ತು ನಾವೇ ಸುಸ್ತಾಗುತ್ತೇವೆ. ನಮ್ಮ ಹವೆಗೆ ಕೇಪ್‌ನವು, ಇಲ್ಲವೇ ಮೆಡಿಟರೇನಿಯನ್ ಕಡೆಯ ಇಟಾಲಿಕಸ್‌ನಂಥವು ಸರಿ. ಊರು ಹೇಳದೆ ಬರೀ ‘ಆಫ್ರಿಕದ್ದು’ ಎಂದವನಿಂದ ಏನನ್ನೂ ಕೊಳ್ಳಬೇಡಿ. ಗೆಡ್ಡೆಯ ಅಳತೆ ಕೇಳಿ, ಎಲೆಯ ಚಿತ್ರ ಕೇಳಿ. ಹೂವಿನ ಚಿತ್ರವನ್ನು ಯಾರು ಬೇಕಾದರೂ ಕದಿಯಬಹುದು, ಎಲೆಯ ಚಿತ್ರ ಕೇಳಿದರೆ ಕಳ್ಳರು ತಡವರಿಸುತ್ತಾರೆ. ಕಾಗದಪತ್ರವಿಲ್ಲದ ಗೆಡ್ಡೆ ಅಂಗಳಕ್ಕೆ ಬರುವುದೇ ಬೇಡ, ಅದರ ಜೊತೆ ರೋಗವೂ ಬರಬಹುದು. ಗ್ಲಾಡಿಯೋಲಸ್ ತುಕ್ಕು ರೋಗ 2006ರಲ್ಲಿ ಫ್ಲಾರಿಡಾದಲ್ಲೂ ನಮ್ಮ ಕ್ಯಾಲಿಫೋರ್ನಿಯಾದಲ್ಲೂ ಕಾಣಿಸಿಕೊಂಡಿತ್ತು. ತಾಳ್ಮೆಯಿದ್ದರೆ ಗೆಡ್ಡೆಯ ಗೊಡವೆಯೇ ಬೇಡ, ನಂಬುವಂಥ ಬೆಳೆಗಾರರಿಂದ ಬೀಜ ತಂದು ಬಿತ್ತಿ. ಟ್ರಿಸ್ಟಿಸ್ ಬೀಜದಿಂದ ಸುಲಭವಾಗಿ ಬರುತ್ತದೆ. ಕರಾವಳಿಯ ಕಡೆ ಇರುವವರು ಮಾತ್ರ ಹೂ ಬಾಡಿದೊಡನೆ ಕಾಯಿ ಕಟ್ಟುವ ಮೊದಲೇ ಕತ್ತರಿಸಿ, ಅಲ್ಲಿ ಅದು ಬೇಲಿ ದಾಟಿ ಹಬ್ಬುತ್ತದೆ.

ಗೆಳತಿಯರ ದುಡ್ಡನ್ನು ನಾನು ಕೈಯಿಂದ ಕೊಟ್ಟಿದ್ದೇನೆ. ಕಾರ್ಡಿನ ಬ್ಯಾಂಕಿಗೆ ದೂರು ಹೋಗಿದೆ, ಎಲ್ಲ ಉತ್ತರಗಳನ್ನೂ ಸೇರಿಸಿ ಕಳಿಸಿದ್ದೇನೆ. ಈ ನಡುವೆ ಆ ಅಂಗಡಿಯ ಪುಟ ಮಾಯವಾಗಿದೆ. ಬಿಳಿ ಗೋಡೆಯ ಮುಂದೆ ಮೂರು ಹೂದಂಡು, ಎಡಗಡೆಯದು ಸ್ವಲ್ಪ ಬಾಗಿರುವ ಅದೇ ಚಿತ್ರ ಈಗ ಬೇರೊಂದು ಹೆಸರಿನ ಅಂಗಡಿಯಲ್ಲಿದೆ, ಹತ್ತು ಗೆಡ್ಡೆಗೆ 52 ಡಾಲರ್.